ಕೊಡುವವನೂ ಕೊಳ್ಳುವವನೂ

ದಾನ ಮಾಡುವವನು ಪಾತ್ರಾಪಾತ್ರವನ್ನು ನೋಡಬೇಕೆಂದು ಹಿರಿಯರು ಹೇಳುವುದುಂಟಷ್ಟೆ. ಪರಮಾಣುಗಳ ಲೋಕದಲ್ಲಿಯೂ ಈ ವಿವೇಚನೆ ಇರುವುದೆಂಬುದನ್ನು ನಾವು ತಡವಾಗಿ, ಅದೂ ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ ಮೇಲೆ, ತಿಳಿದುಕೊಂಡೆವು.

ನಮ್ಮ ವಿಷಯವು ಸಂಸ್ಕೃತವಾದರೂ, ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದಾಗ ಅವರ ತರಗತಿಯನ್ನು ನಾವು ನೋಡಿಕೊಳ್ಳಬೇಕಾಗುತ್ತಿತ್ತು. ಒಂದು ದಿನ ಕೇರಂ ಹಲಗೆಯನ್ನು ತರಿಸಿ, ಒಂದು ಕಾಯಿಯು ಸಮತೂಕದ ಇನ್ನೊಂದಕ್ಕೆ ನೇರವಾಗಿ ತಗುಲಿದರೆ ತಾನು ನಿಂತು, ತನ್ನ ವೇಗವನ್ನು ಬಹುಮಟ್ಟಿಗೆ ಅದಕ್ಕೆ ಕೊಟ್ಟುಬಿಡುವುದನ್ನು ತೋರಿಸಿದೆವು. "ಪರಮಾಣುಗಳ ಸಂಘಟ್ಟನವೂ ಹೀಗೆಯೇ" ಎಂದೆವು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, "ಮೇಷ್ಟ್ರೇ, ಪೆಟ್ಟು ತಿಂದ ಪರಮಾಣು ಸ್ವಲ್ಪ ಶಕ್ತಿಯನ್ನು ತನ್ನೊಳಗೇ ಇಟ್ಟುಕೊಳ್ಳಬಾರದೇಕೆ?" ಎಂದು ಕೇಳಿದನು. ಅಧಿಕಪ್ರಸಂಗವೆಂದು ಗದರಿ ಕೂರಿಸಿದೆವು.

ಆ ಪ್ರಶ್ನೆಗೆ 1914ರಲ್ಲಿಯೇ ಬರ್ಲಿನ್ ನಗರದಲ್ಲಿ ಉತ್ತರ ದೊರೆತಿದ್ದಿತು. ಜೇಮ್ಸ್ ಫ್ರಾಂಕ್, ಗುಸ್ಟಾಫ್ ಹರ್ಟ್ಸ್ ಎಂಬಿಬ್ಬರು ವಿಜ್ಞಾನಿಗಳು ಪಾದರಸದ ಆವಿಯಿದ್ದ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿದರು. ಪಾದರಸದ ಪರಮಾಣುವು ಎಲೆಕ್ಟ್ರಾನಿಗಿಂತ ಮೂರೂವರೆ ಲಕ್ಷ ಮಡಿಗೂ ಮಿಕ್ಕಿ ಭಾರವಾದುದು. ಬಂಡೆಗೆ ಬಡಿದ ಚೆಂಡಿನಂತೆ ಎಲೆಕ್ಟ್ರಾನು ಪುಟಿದು ಹೋಗುವುದೇ ಹೊರತು, ಏನನ್ನೂ ಕೊಟ್ಟಂತೆ ಕಾಣುವುದಿಲ್ಲ. ಆದರೆ ಅದು 4.9 ವೋಲ್ಟಿನಷ್ಟು ಶಕ್ತಿಯನ್ನು ಗಳಿಸಿದೊಡನೆ ಕೊಳವೆಯ ಪ್ರವಾಹವು ಥಟ್ಟನೆ ಕುಸಿಯಿತು. ಎಲೆಕ್ಟ್ರಾನು ತನ್ನ ಗಳಿಕೆಯನ್ನೆಲ್ಲ ಒಮ್ಮೆಗೇ ಪರಮಾಣುವಿಗೆ ಒಪ್ಪಿಸಿದ್ದಿತು! ಅದಕ್ಕೆ ಕಡಮೆಯಾದುದನ್ನು ಪರಮಾಣುವು ಒಳಗೆ ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಂಡುದನ್ನು ಕ್ಷಣದಲ್ಲಿಯೇ ಕಣ್ಣಿಗೆ ಕಾಣದ ನೇರಿಳಾತೀತ ಬೆಳಕಾಗಿ ಹೊರಬಿಟ್ಟಿತು. ಟ್ಯೂಬ್ ಲೈಟಿನಲ್ಲಿ ನಡೆಯುವುದೂ ಇದೇ. ಕೊಳವೆಯ ಒಳಮೈಗೆ ಬಳಿದ ಪುಡಿಯು ಆ ಬೆಳಕನ್ನು ನಮಗೆ ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ.

ಅಣುಗಳಾದರೋ ತಿರುಗಲೂ ಬಲ್ಲವು, ಕಂಪಿಸಲೂ ಬಲ್ಲವು. ಅಲ್ಲಿಯೂ ಶಕ್ತಿಯನ್ನು ಗೊತ್ತಾದ ಮೆಟ್ಟಿಲುಗಳಲ್ಲಿಯೇ ಕೊಳ್ಳುತ್ತವೆ. ಕೇರಂ ಕಾಯಿಯ ದೃಷ್ಟಾಂತವು ಹೊರಗಿನ ಚಲನೆಗೆ ಸಲ್ಲುತ್ತದೆ. ಒಳಗಿನ ಈ ಮೆಟ್ಟಿಲುಗಳನ್ನು ಅದು ತೋರಿಸಲಾರದು. ಹುಡುಗನು ಕೇಳಿದ್ದು ಸರಿಯಾಗಿಯೇ ಇದ್ದಿತು.

ಫ್ರಾಂಕ್ ಮತ್ತು ಹರ್ಟ್ಸರೂ ಮೊದಲು ತಪ್ಪಿದ್ದರು. ಪರಮಾಣುವಿನಿಂದ ಎಲೆಕ್ಟ್ರಾನೊಂದು ಕಿತ್ತುಬಂದಿತೆಂದು ಬಗೆದಿದ್ದರು. ನೀಲ್ಸ್ ಬೋರನು 1915ರಲ್ಲಿ ಬೇರೆ ಅರ್ಥವನ್ನು ಸೂಚಿಸಿದನು. ಬಳಿಕ ಅವರು ಅದನ್ನು ಒಪ್ಪಿಕೊಂಡರು. 1925ನೆಯ ಸಾಲಿನ ನೊಬೆಲ್ ಬಹುಮಾನವು ಅವರಿಗೆ ಸಂದಿತು. ತಪ್ಪನ್ನು ಒಪ್ಪಿದುದರಿಂದ ಅವರ ಗೌರವಕ್ಕೆ ಕುಂದು ಬಂದಿತೇನು?

ಆ ಹುಡುಗನು ಈಗ ಎಲ್ಲಿರುವನೋ ಅರಿಯೆವು. ವಾಚಕರಲ್ಲಿ ನಮ್ಮದೊಂದು ಬಿನ್ನಹ: ಮನೆಯ ಮಗುವು ಇಂತಹ ಪ್ರಶ್ನೆ ಕೇಳಿದರೆ ಗದರಬೇಡಿರಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಿರಿ.