ಬದುಕಿರುವಾಗಲೇ ಬರೆದಿಡೋಣ

ಸಾವಿನ ಮಾತನ್ನು ಮನೆಯಲ್ಲಿ ಎತ್ತುವುದು ಅಶುಭವೆಂಬ ಭಾವನೆ ನಮ್ಮವರಲ್ಲಿ ಆಳವಾಗಿ ಬೇರೂರಿದೆ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದವರಿಗೆ ಈ ಮೌನವು ಬಹಳ ದುಬಾರಿಯಾದುದು. ದುಡಿಯುವವನು ಇಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ. ಉಳಿತಾಯ ಯಾವ ಬ್ಯಾಂಕಿನಲ್ಲಿದೆ, ವಿಮೆಯ ಕಂತು ಎಲ್ಲಿಯವರೆಗೆ ಸಂದಿದೆ, ಕೈಗಡ ಕೊಟ್ಟುದು ಯಾರಿಗೆ, ತಂದುದು ಯಾರಿಂದ, ಇವೆಲ್ಲವೂ ಅವನೊಬ್ಬನ ಮನಸ್ಸಿನಲ್ಲಿಯೇ ಇರುತ್ತವೆ. ಅವನು ಹಠಾತ್ತನೆ ತೀರಿಕೊಂಡರೆ, ಕಣ್ಣೀರು ಆರುವ ಮೊದಲೇ ಅವನ ಮಡದಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ದುಃಖವು ಮನುಷ್ಯನನ್ನು ಎಚ್ಚರಿಸಿದ ನಿದರ್ಶನವೊಂದು ಈ ನಗರದಲ್ಲಿಯೇ ಇದೆ. ಸರ್ ದೊರಾಬ್ಜಿ ತಾತಾ ಅವರ ಪತ್ನಿ ಮೆಹರ್‌ಬಾಯಿಯವರು ನಮ್ಮ ನಾಡಿಗೆ ಹೊರಗಿನವರಲ್ಲ. ಅವರ ತಂದೆ ಹೊರ್ಮುಸ್ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು. ಆಕೆ 1931ರಲ್ಲಿ ರಕ್ತದ ಕ್ಯಾನ್ಸರಿಗೆ ಬಲಿಯಾದರು. ಮಕ್ಕಳಿಲ್ಲದ ದೊರಾಬ್ಜಿಯವರು ಒಂದು ವರ್ಷ ತುಂಬುವುದರೊಳಗಾಗಿ, ರಕ್ತರೋಗಗಳ ಸಂಶೋಧನೆಗೆಂದು ಪತ್ನಿಯ ಹೆಸರಿನಲ್ಲಿ ಒಂದು ನಿಧಿಯನ್ನೂ, ತಮ್ಮ ಸ್ವತ್ತನ್ನು ಒಪ್ಪಿಸಿ ಇನ್ನೊಂದು ನಿಧಿಯನ್ನೂ ಸ್ಥಾಪಿಸಿದರು. 1932ರ ಜೂನಿನಲ್ಲಿ ತಾವೂ ಕಣ್ಮುಚ್ಚಿದರು. ಪರೇಲಿನ ತಾತಾ ಸ್ಮಾರಕ ಆಸ್ಪತ್ರೆಯು ಆ ದಾನದ ಫಲವಾಗಿ 1941ರಲ್ಲಿ ಬಾಗಿಲು ತೆರೆಯಿತು. ಊರಿನಿಂದ ಬಂದ ರೋಗಿಯ ಕೈಹಿಡಿದು ಅದರ ಮೆಟ್ಟಿಲೇರಿದವರು ನಮ್ಮಲ್ಲಿಯೂ ಉಂಟು. ದೊರಾಬ್ಜಿಯವರು ಮತ್ತೊಂದು ವರ್ಷ ತಡೆದು ನೋಡೋಣವೆಂದಿದ್ದರೆ ಆ ಸಂಕಲ್ಪವು ಬಹುಶಃ ಅವರೊಡನೆಯೇ ಹೋಗುತ್ತಿತ್ತು.

ಅವರು ಕೋಟ್ಯಧೀಶರು, ನಮ್ಮಲ್ಲೇನಿದೆ ಎಂದು ಕೇಳುವವರಿದ್ದಾರೆ. ಇರುವುದು ಸ್ವಲ್ಪವಾದುದರಿಂದಲೇ ಅದು ಚದರಿಹೋಗಬಾರದೆಂಬುದು ನಮ್ಮ ಉತ್ತರ. ಉಯಿಲು ಬರೆಯಲು ಛಾಪಾಕಾಗದ ಬೇಕಿಲ್ಲ. ಸಾದಾ ಕಾಗದ ಸಾಕು. ಬರೆದವನ ರುಜುವೂ, ಅವನು ರುಜು ಮಾಡಿದುದನ್ನು ಕಂಡ ಇಬ್ಬರು ಸಾಕ್ಷಿಗಳ ರುಜುವೂ ಇರಬೇಕು. ಸ್ವತ್ತು ಪಡೆಯುವವರೇ ಸಾಕ್ಷಿ ಹಾಕದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ. ಮನಸ್ಸು ಬದಲಾದರೆ ಮತ್ತೆ ಬರೆಯಬಹುದು.

ನಾಮಿನಿಯ ಹೆಸರು ಕೊಟ್ಟಿದ್ದೇವೆ, ಅಷ್ಟೇ ಸಾಕೆಂದು ಗುಮಾಸ್ತ ಬಂಧುಗಳು ನೆಮ್ಮದಿಯಿಂದಿರುವುದುಂಟು. ಬ್ಯಾಂಕಿನ ಠೇವಣಿಯನ್ನು ಕೈಗೆ ಪಡೆಯಲು ನಾಮಿನಿ ಅರ್ಹನೇ ಹೊರತು ಅದರ ಒಡೆಯನಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟಪಡಿಸಿದೆ. ಉಯಿಲು ಇಲ್ಲದಿದ್ದರೆ, ಹಿಂದೂ ಪುರುಷನ ಸ್ವಾರ್ಜಿತವು 1956ರ ಉತ್ತರಾಧಿಕಾರ ಕಾಯಿದೆಯಂತೆ ಸಾಮಾನ್ಯವಾಗಿ ಪತ್ನಿ, ಪುತ್ರ, ಪುತ್ರಿ, ತಾಯಿ ಇವರಿಗೆ ಸಲ್ಲುತ್ತದೆ. ಜತೆಯಲ್ಲಿ ದುಡಿದ ತಮ್ಮನಿಗೆ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಕಾಯಿದೆಗೆ ತಿಳಿಯದು. ಮದುವೆಗೆ ಮೊದಲು ಭವಿಷ್ಯನಿಧಿಗೆ ಕೊಟ್ಟ ಹೆಸರನ್ನು ಮದುವೆಯ ಬಳಿಕ ಹೊಸದಾಗಿ ಬರೆದುಕೊಡಬೇಕೆಂಬುದನ್ನೂ ಮರೆಯಬಾರದು.

ಇನ್ನು ಹೆಸರು ಉಳಿಯುವ ಮಾತು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದವರು ನಮ್ಮ ಸಮಾಜದಲ್ಲಿ ಅನೇಕರು. ಆ ದೀಪಕ್ಕೆ ಎಣ್ಣೆ ಎರೆದವರೆಲ್ಲರೂ ಶ್ರೀಮಂತರಾಗಿರಲಿಲ್ಲ. ಅಗಲಿದ ತಾಯಿಯ ಅಥವಾ ಮಗುವಿನ ನೆನಪಿಗಾಗಿ ಊರಿನ ಶಾಲೆಯ ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕದ ವೆಚ್ಚವನ್ನು ಉಯಿಲಿನ ಒಂದು ಸಾಲಿನಲ್ಲಿ ಸೇರಿಸಿದರೂ ಅದು ಸ್ಮಾರಕವೇ. ಆದರೆ ಮನೆಯವರ ಅನ್ನ ಮೊದಲು, ದಾನ ಆಮೇಲೆ.

ದುಃಖವನ್ನು ಕಂಡ ಮನೆಗಳಿಗೆ ಈ ಮಾತಿನ ತೂಕ ಚೆನ್ನಾಗಿ ಗೊತ್ತು. ಉಳಿದವರೂ ಬರುವ ರಜೆಯ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು, ಲೆಕ್ಕ ಬರೆದು, ಆ ಕಾಗದ ಎಲ್ಲಿದೆಯೆಂಬುದನ್ನು ಊರಿನಲ್ಲಿರುವ ಮಡದಿಗೆ ತಿಳಿಸಬೇಕೆಂದು ನಾವು ವಿನಂತಿಸುತ್ತೇವೆ. ಬರೆದುದರಿಂದ ಸಾವು ಹತ್ತಿರ ಬರುವುದಿಲ್ಲ. ಬಂದಾಗ ಮನೆಯವರು ದಿಕ್ಕುಗೆಡುವುದು ತಪ್ಪುತ್ತದೆ.