ಯಾವ ಮಾತಿಗೆ ಮಣೆ?

ನಂಜನಗೂಡು ತಾಲ್ಲೂಕಿನ ಹೆಡತಲೆ ಸಣ್ಣ ಊರಾದರೂ ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿ ದೇವಾಲಯದಿಂದ ಹೆಸರಾಗಿದೆ. ಅಲ್ಲಿನ ‘ಹದಿನಾರು ಮುಖದ ಚಾವಡಿ’ಯ ಬಗ್ಗೆ ಒಂದು ಪ್ರತೀತಿ ಉಂಟು. ದಂಡನಾಯಕನೊಬ್ಬನಿಗೆ ಹದಿನಾರು ಮಂದಿ ಅಳಿಯಂದಿರಂತೆ. ಒಬ್ಬರು ಹೆಚ್ಚು, ಒಬ್ಬರು ಕಡಿಮೆ ಎಂಬ ಮಾತು ಬರದಂತೆ ಎಲ್ಲರಿಗೂ ಸಮನಾದ ಆಸನ ಸಿಗುವ ಹಾಗೆ ಆತ ಚಾವಡಿ ಕಟ್ಟಿಸಿದನಂತೆ.

ಅಳಿಯಂದಿರ ಮಟ್ಟಿಗೆ ಇದು ಜಾಣತನವೇ. ಆದರೆ ಮನೆಯಲ್ಲಿ ಕಾಯಿಲೆ ಬಿದ್ದಾಗ ಹೀಗೆ ಎಲ್ಲರ ಮಾತಿಗೂ ಒಂದೇ ಮಣೆ ಹಾಕಲಾಗದು. ಪಕ್ಕದ ಮನೆಯವರು ಒಂದು ಹೇಳುತ್ತಾರೆ, ಔಷಧದ ಅಂಗಡಿಯವರು ಇನ್ನೊಂದು. ಮೊಬೈಲಿಗೆ ಬಂದ ಸಂದೇಶ ಮತ್ತೊಂದನ್ನೇ ಹೇಳುತ್ತದೆ. ಹೇಳುವವರ ಕಾಳಜಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಪುರಾವೆಯಲ್ಲಿ. ಈ ಪುರಾವೆಯನ್ನು ಹುಡುಕುವ ದಾರಿ ಇಂದು ಹಳ್ಳಿಯ ವಿದ್ಯಾರ್ಥಿಗೂ ತೆರೆದಿದೆ. ಅದರ ಪರಿಚಯ ಮಾತ್ರ ಬಹಳ ಮಂದಿಗಿಲ್ಲ.

ಹಿಂದೆ ವೈದ್ಯಕೀಯ ವಿದ್ಯಾರ್ಥಿಗಳು ‘ಇಂಡೆಕ್ಸ್ ಮೆಡಿಕಸ್’ ಎಂಬ ದಪ್ಪ ದಪ್ಪ ಸಂಪುಟಗಳನ್ನು ತಿರುವಿಹಾಕಿ ಸಂಶೋಧನಾ ಲೇಖನಗಳ ಜಾಡು ಹಿಡಿಯುತ್ತಿದ್ದರು. 1879ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಸೂಚಿ ಕ್ರಮೇಣ ಕಂಪ್ಯೂಟರಿಗೆ ಏರಿತು. 1997ರಲ್ಲಿ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಇಂಟರ್‌ನೆಟ್ ಮೂಲಕ ಇಡೀ ಲೋಕಕ್ಕೆ ಉಚಿತವಾಯಿತು. ಇಂದು ಅದರಲ್ಲಿ 3 ಕೋಟಿ 70 ಲಕ್ಷಕ್ಕೂ ಹೆಚ್ಚು ಲೇಖನಗಳ ವಿವರ ಇದೆ. ಬಹುತೇಕ ಲೇಖನಗಳ ಸಾರಾಂಶವನ್ನು ಹಣ ಕೊಡದೆ ಓದಬಹುದು. ‘ಪಬ್‌ಮೆಡ್ ಸೆಂಟ್ರಲ್’ ಎಂಬ ಜೊತೆ ಭಂಡಾರದಲ್ಲಿ ಲಕ್ಷಾಂತರ ಲೇಖನಗಳು ಪೂರ್ತಿಯಾಗಿಯೇ ಸಿಗುತ್ತವೆ.

ಇಷ್ಟು ದೊಡ್ಡ ಕಣಜದಿಂದ ಬೇಕಾದ ಕಾಳನ್ನು ಆರಿಸುವುದು ಹೇಗೆ? ಮೊದಲು ಪ್ರಶ್ನೆಯನ್ನು ಸರಿಯಾಗಿ ಕಟ್ಟಬೇಕು. ಯಾರಿಗೆ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ ಎಂಬ ನಾಲ್ಕು ಭಾಗಗಳು ಪ್ರಶ್ನೆಯಲ್ಲಿ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಇದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆ ನೋಡಬಹುದು. ಹೆರಿಗೆಯ ನಂತರದ ಅತಿ ರಕ್ತಸ್ರಾವ ತಾಯಂದಿರ ಜೀವಕ್ಕೆ ಎರವಾಗುವ ದೊಡ್ಡ ಕಾರಣಗಳಲ್ಲಿ ಒಂದು. ಅದನ್ನು ತಡೆಯುವ ಚುಚ್ಚುಮದ್ದು ಆಕ್ಸಿಟೋಸಿನ್. ಅದನ್ನು ತಂಪಿನಲ್ಲಿ ಕಾಪಾಡಬೇಕು, ಕೊಡಲು ನುರಿತವರೂ ಬೇಕು. ಇವೆರಡೂ ಇಲ್ಲದ ಹಳ್ಳಿಗಳಲ್ಲಿ ಮಿಸೊಪ್ರೋಸ್ಟಾಲ್ ಎಂಬ ಮಾತ್ರೆ ಉಪಯೋಗಕ್ಕೆ ಬಂದೀತೇ? ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಬಾಣಂತಿಯರನ್ನು ಒಳಗೊಂಡು ಈ ಪರೀಕ್ಷೆ ನಡೆಯಿತು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಮಾತ್ರೆಯನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆಯನ್ನೂ ಕೊಡಲಾಯಿತು. ಮಾತ್ರೆ ಕೊಟ್ಟವರು ಹೆರಿಗೆ ಮಾಡಿಸುವ ದಾದಿಯರು. ಔಷಧವಿಲ್ಲದ ಗುಂಪಿನಲ್ಲಿ ಶೇ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೋಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಪಬ್‌ಮೆಡ್‌ನಲ್ಲಿ ಈ ಲೇಖನವನ್ನು ಹುಡುಕಲು ‘ಮಿಸೊಪ್ರೋಸ್ಟಾಲ್’, ‘ಪೋಸ್ಟ್‌ಪಾರ್ಟಮ್ ಹೆಮರೇಜ್’, ‘ಇಂಡಿಯಾ’ ಎಂಬ ಮೂರು ಪದಗಳನ್ನು ಇಂಗ್ಲಿಷಿನಲ್ಲಿ ಬರೆದು, ನಡುನಡುವೆ ದೊಡ್ಡಕ್ಷರಗಳಲ್ಲಿ ‘ಆ್ಯಂಡ್’ ಎಂದು ಹಾಕಿದರೆ ಸಾಕು. ಮೂರೂ ಪದಗಳು ಕೂಡಿಬರುವ ಲೇಖನಗಳು ಮಾತ್ರ ಎದುರಿಗೆ ಬರುತ್ತವೆ. ಒಂದೇ ವಿಷಯಕ್ಕೆ ಎರಡು ಹೆಸರಿದ್ದರೆ ನಡುವೆ ‘ಆರ್’ ಹಾಕಬೇಕು. ಬದಿಯ ಪಟ್ಟಿಯಲ್ಲಿ ‘ರ್‍ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’ ಎಂಬುದನ್ನು ಗುರುತು ಮಾಡಿದರೆ ಬೆಳಗಾವಿಯಲ್ಲಿ ನಡೆದಂಥ ಪರೀಕ್ಷೆಗಳು ಉಳಿದು, ಬಾಕಿಯವು ಸರಿದುಹೋಗುತ್ತವೆ. ‘ಫ್ರೀ ಫುಲ್ ಟೆಕ್ಸ್ಟ್’ ಎಂದು ಗುರುತು ಮಾಡಿದರೆ ಪೂರ್ತಿ ಉಚಿತವಾಗಿ ಓದಬಹುದಾದವು ಮಾತ್ರ ನಿಲ್ಲುತ್ತವೆ.

ಒಂದು ಲೇಖನ ಸಿಕ್ಕಿತೆಂದರೆ ಹುಡುಕಾಟ ಮುಗಿಯಿತೆ? ಇಲ್ಲ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಇರುವ ತಾಯಂದಿರಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ಕಥೆ ಇದನ್ನು ಚೆನ್ನಾಗಿ ತಿಳಿಸುತ್ತದೆ. ಅದರಿಂದ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು 1972ರಲ್ಲಿ ನ್ಯೂಜಿಲೆಂಡಿನ ಪರೀಕ್ಷೆಯೊಂದು ತೋರಿಸಿತ್ತು. ಆಮೇಲೂ ಹಲವು ಪರೀಕ್ಷೆಗಳು ನಡೆದವು. ಅವೆಲ್ಲವನ್ನೂ ಒಂದೆಡೆ ಸೇರಿಸಿ ತೂಗಿದ ವರದಿ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಬಹುಪಾಲು ವೈದ್ಯರಿಗೆ ಅದರ ಪ್ರಯೋಜನ ಮನವರಿಕೆಯಾಗಿರಲಿಲ್ಲ. ಪುರಾವೆ ಇತ್ತು, ಆದರೆ ಚದುರಿಹೋಗಿತ್ತು. ಬದುಕಬಹುದಾಗಿದ್ದ ಎಷ್ಟೋ ಕೂಸುಗಳು ಅಷ್ಟರಲ್ಲಿ ಹೋಗಿಬಿಟ್ಟಿದ್ದವು.

ಹೀಗೆ ಚದುರಿದ್ದನ್ನು ಕೂಡಿಸಿ ತೂಗುವುದೇ 1993ರಲ್ಲಿ ಹುಟ್ಟಿದ ‘ಕಾಕ್ರೇನ್’ ಸಂಸ್ಥೆಯ ಕೆಲಸ. ಅದರ ಲಾಂಛನದಲ್ಲಿರುವ ಅಡ್ಡಗೆರೆಗಳು ಈ ಸ್ಟೀರಾಯ್ಡ್ ಪರೀಕ್ಷೆಗಳದೇ. ‘ಕಾಕ್ರೇನ್ ಲೈಬ್ರರಿ’ಯ ಪ್ರತಿ ವರದಿಯ ಜೊತೆಗೆ ಸಾಮಾನ್ಯರಿಗೂ ತಿಳಿಯುವ ಸರಳ ಸಾರಾಂಶ ಇರುತ್ತದೆ. ಪಿಯುಸಿ ಓದುವ ಹುಡುಗ ಹುಡುಗಿಯರು ಅಲ್ಲಿಂದಲೇ ಓದಲು ತೊಡಗುವುದು ಲೇಸು. ‘ಸಾಕಷ್ಟು ಪುರಾವೆ ಇಲ್ಲ’ ಎಂದು ಮುಗಿಯುವ ವರದಿಗಳೂ ಅಲ್ಲಿ ಬೇಕಾದಷ್ಟಿವೆ. ಅದೂ ಉತ್ತರವೇ. ಖಚಿತವಾಗಿ ಗೊತ್ತಿಲ್ಲದ್ದನ್ನು ಖಚಿತವೆಂದು ಮಾರುವವರಿಂದ ಅದು ಕಾಪಾಡುತ್ತದೆ.

ಸ್ಟೀರಾಯ್ಡ್ ಕಥೆ ಅಲ್ಲಿಗೆ ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಫಲಿಸಿದ್ದು ಹಳ್ಳಿಯಲ್ಲೂ ಫಲಿಸುತ್ತದೆಯೇ ಎಂದು ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ಪರೀಕ್ಷೆ ನಡೆಯಿತು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಈ ಚುಚ್ಚುಮದ್ದಿನ ಬಳಕೆ ಹೆಚ್ಚಿಸಿದ ಪ್ರದೇಶಗಳಲ್ಲಿ ಸಾವಿರ ಜನನಕ್ಕೆ 27.4 ನವಜಾತ ಶಿಶುಗಳು ಸತ್ತಿದ್ದರೆ, ಉಳಿದೆಡೆ 23.9. ಮತ್ತೆ 2020ರಲ್ಲಿ, ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಅದೇ ಔಷಧ ಶಿಶುಮರಣವನ್ನು ಶೇ 23.5ರಿಂದ 19.6ಕ್ಕೆ ಇಳಿಸಿತು. ಅಲ್ಲಿ ದಿನ ತುಂಬಿದ್ದೆಷ್ಟು ಎಂಬುದನ್ನು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಳ್ಳಲಾಗಿತ್ತು, ಹುಟ್ಟಿದ ಮಗುವಿಗೆ ಆರೈಕೆಯ ಏರ್ಪಾಡೂ ಇತ್ತು. ಔಷಧ ಒಂದೇ. ಯಾರಿಗೆ, ಎಲ್ಲಿ, ಹೇಗೆ ಕೊಟ್ಟರು ಎಂಬುದರ ಮೇಲೆ ಫಲ ಬೇರೆಯಾಯಿತು. 2015ರ ಲೇಖನವೊಂದನ್ನೇ ಓದಿದವರು ಔಷಧ ಕೆಟ್ಟದ್ದೆನ್ನುತ್ತಾರೆ. 2020ರದೊಂದನ್ನೇ ಓದಿದವರು ಎಲ್ಲೆಡೆ ಕೊಡಿ ಎನ್ನುತ್ತಾರೆ. ಎರಡನ್ನೂ ಓದಿದವರು ಮಾತ್ರ ತಾಯಿಯ ದಿನಗಳನ್ನು ಸರಿಯಾಗಿ ಎಣಿಸಿದ್ದಾರೆಯೇ ಎಂದು ಕೇಳುತ್ತಾರೆ.

ಹೆಡತಲೆಯಂಥ ಊರುಗಳಿಂದ ಮೈಸೂರಿಗೆ ಹೋಗಿ ನರ್ಸಿಂಗ್, ಫಾರ್ಮಸಿ, ವೈದ್ಯಕೀಯ ಓದುವ ಮಕ್ಕಳಿಗೆ ಇನ್ನೊಂದು ಅನುಕೂಲವೂ ಉಂಟು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ‘ಹೆಲಿನೆಟ್’ ಎಂಬ ವ್ಯವಸ್ಥೆ ಆರಂಭಿಸಿ, ತನ್ನ ಕಾಲೇಜುಗಳು ದುಬಾರಿ ವೈದ್ಯಕೀಯ ಪತ್ರಿಕೆಗಳನ್ನು ಇಂಟರ್‌ನೆಟ್‌ನಲ್ಲಿ ಹಂಚಿಕೊಂಡು ಓದುವಂತೆ ಮಾಡಿತು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಪತ್ರಿಕೆಗಳನ್ನು ಒದಗಿಸುತ್ತದೆ. ಕಾಲೇಜು ಸೇರಿದ ಮೊದಲ ವಾರದಲ್ಲೇ ಗ್ರಂಥಪಾಲಕರ ಬಳಿ ಹೋಗಿ ಇವುಗಳ ಬಗ್ಗೆ ವಿಚಾರಿಸುವ ವಿದ್ಯಾರ್ಥಿ ಮುಂದೆ ಪರದಾಡುವುದಿಲ್ಲ.

ತಂದೆತಾಯಂದಿರಿಗೆ ಒಂದು ಎಚ್ಚರಿಕೆಯ ಮಾತು. ಈ ಹುಡುಕಾಟ ಮನೆಯಲ್ಲೇ ಮದ್ದು ಮಾಡಿಕೊಳ್ಳುವುದಕ್ಕಲ್ಲ. ಮೇಲೆ ಹೇಳಿದ ಮಿಸೊಪ್ರೋಸ್ಟಾಲನ್ನೇ ಹೆರಿಗೆಗೆ ಮುಂಚೆ ತಪ್ಪಾಗಿ ಕೊಟ್ಟರೆ ಗರ್ಭಕೋಶವೇ ಒಡೆಯುವ ಅಪಾಯವಿದೆ. ಹುಡುಕಿದ್ದನ್ನು ಔಷಧದ ಅಂಗಡಿಗಲ್ಲ, ವೈದ್ಯರ ಬಳಿಗೆ ಒಯ್ಯಬೇಕು. ಅದೂ ಪ್ರಶ್ನೆಯ ರೂಪದಲ್ಲಿ: ‘ಈ ಚಿಕಿತ್ಸೆಯಿಂದ ನಮ್ಮಂಥವರಿಗೆ ಎಷ್ಟು ಪ್ರಯೋಜನ, ಎಷ್ಟು ತೊಂದರೆ?’ ಎಂದು. ಮನೆಯಲ್ಲಿ ಓದುವ ಮಗಳೋ ಮಗನೋ ಇದ್ದರೆ, ಮೊಬೈಲಿಗೆ ಬಂದ ಆರೋಗ್ಯದ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ‘ಇದಕ್ಕೆ ಪುರಾವೆ ಇದೆಯೇ, ಸ್ವಲ್ಪ ಹುಡುಕಿ ಹೇಳು’ ಎಂದು ಕೇಳಬಹುದು. ಮಕ್ಕಳಿಗೆ ಅಭ್ಯಾಸವೂ ಆಗುತ್ತದೆ, ಹಿರಿಯರಿಗೆ ಯಾವ ಮಾತಿಗೆ ಮಣೆ ಹಾಕಬೇಕೆಂಬುದೂ ತಿಳಿಯುತ್ತದೆ.