ಅಂಚಿನಲ್ಲಿ ಬರೆದದ್ದು

ಕಳೆದ ತಿಂಗಳು ನಲ್ಲಕುಂಟದಿಂದ ಒಂದು ಫೋನ್ ಬಂತು. "ಅಂಕಲ್, ತಾತನ ಕನ್ನಡ ಪುಸ್ತಕಗಳಿವೆ. ಮನೆ ಖಾಲಿ ಮಾಡ್ತಾ ಇದ್ದೀವಿ. ನಿಮಗೆ ಬೇಕಾ?" ಎಂದು ಹುಡುಗನೊಬ್ಬ ಕೇಳಿದ. ಇಂಥ ಫೋನುಗಳು ಈಗ ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ಹಳೆಯ ಮನೆ ಬಿಲ್ಡರ್ ಪಾಲಾಗುತ್ತದೆ, ಮಕ್ಕಳು ಕೊಂಡಾಪುರದ ಕಡೆ ಫ್ಲ್ಯಾಟ್ ನೋಡಿಕೊಂಡಿರುತ್ತಾರೆ, ಪುಸ್ತಕದ ಬೀರುವಿಗೆ ಅಲ್ಲಿ ಜಾಗವಿರುವುದಿಲ್ಲ. ಮರುದಿನವೇ ಹೋದೆ. ಎರಡು ದಿನ ತಡಮಾಡಿದರೆ ರದ್ದಿಯವನು ನನಗಿಂತ ಮೊದಲು ಬಂದಿರುತ್ತಾನೆ. ಹಾಗೆ ಕಳೆದುಕೊಂಡ ಪುಸ್ತಕಗಳ ನೋವು ಇನ್ನೂ ಇದೆ.

ಬಾಗಿಲು ತೆಗೆದವರು ಅಜ್ಜಿ. "ಬಾ ತಮ್ಮಾ, ಕುಂಡ್ರು. ಅವರು ಹೋಗಿ ಹನ್ನೊಂದು ವರ್ಷಾತು. ವರ್ಷಕ್ಕೊಮ್ಮೆ ದಸರಾಕ್ಕ ಎಲ್ಲಾ ತಗದು ಧೂಳ ಹೊಡೀತಿದ್ದೆ, ಈಗ ಕೈಲಾಗಂಗಿಲ್ಲ" ಎಂದರು. ಸೇಡಂ ಕಡೆಯ ಮಾತು, ಎಪ್ಪತ್ತು ವರ್ಷ ಈ ಊರಲ್ಲಿದ್ದರೂ ಒಂದಿಷ್ಟೂ ಮಾಸಿರಲಿಲ್ಲ. ಮೊಮ್ಮಗ 'ತಾತ' ಎನ್ನುವುದನ್ನು ಅವರು ತಮ್ಮಷ್ಟಕ್ಕೆ 'ಮುತ್ಯಾ' ಎಂದು ತಿದ್ದಿಕೊಂಡು ಮಾತಾಡುತ್ತಿದ್ದರು.

ಬೀರುವಿನ ಕೆಳಗಿನ ಹಲಗೆಯಲ್ಲಿ ಕವಿರಾಜಮಾರ್ಗದ ಹಳೆಯದೊಂದು ಪ್ರತಿ ಸಿಕ್ಕಿತು. ತೆರೆದರೆ ಪುಟಪುಟದ ಅಂಚಿನಲ್ಲೂ ಸಣ್ಣ ಪೆನ್ಸಿಲ್ ಬರಹ, ಎಲ್ಲವೂ ಉರ್ದುವಿನಲ್ಲಿ. ಆ ಹಿರಿಯರು ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು, ಸರ್ಕಾರಿ ಕಚೇರಿಯಲ್ಲಿ ಉರ್ದುವಿನಲ್ಲೇ ಕಡತ ಬರೆದವರು. ಮನಸ್ಸು ಕನ್ನಡದ್ದಾದರೂ ಕೈಗೆ ಒಗ್ಗಿದ್ದು ಆ ಲಿಪಿ. ಪುಟದ ನಡುವೆ ಹಳಗನ್ನಡ ಎಡದಿಂದ ಬಲಕ್ಕೆ ಹೊರಟರೆ, ಅಂಚಿನಲ್ಲಿ ಉರ್ದು ಬಲದಿಂದ ಎಡಕ್ಕೆ ಬಂದು ಅದನ್ನು ಮುಟ್ಟುತ್ತಿತ್ತು. ಇವತ್ತು ಆ ಮನೆಯಲ್ಲಿ ಹಳಗನ್ನಡ ಓದುವವರೂ ಇಲ್ಲ, ಉರ್ದು ಓದುವವರೂ ಇಲ್ಲ. ಶಾಲೆಯಲ್ಲಿ ತೆಲುಗು ಕಲಿತ ಹುಡುಗ ರಕ್ಷಾಪುಟದ ಮೇಲೆ ಬೆರಳಿಟ್ಟು, "ಕ... ವಿ... ಇದು ರಾ ಅಲ್ವಾ ಅಂಕಲ್?" ಎಂದು ಅರ್ಧ ದಾರಿ ಬಂದ.

ಆ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡೇ ಈ ತಿಂಗಳ ಮಾತು ಬರೆಯುತ್ತಿದ್ದೇನೆ.

ನವೆಂಬರ್ ಬಂತೆಂದರೆ ಎಲ್ಲ ಆಹ್ವಾನಪತ್ರಿಕೆಗಳಲ್ಲೂ ನಮ್ಮನ್ನು 'ಹೊರನಾಡ ಕನ್ನಡಿಗರು' ಎಂದು ಕರೆಯುತ್ತಾರೆ. ಪ್ರೀತಿಯಿಂದಲೇ ಕರೆಯುತ್ತಾರೆ. ದುಬೈ, ಲಂಡನ್, ನ್ಯೂಜೆರ್ಸಿಯ ಕನ್ನಡಿಗರಿಗೆ ಆ ಮಾತು ಸರಿ. ಅವರು ಗಡಿ ದಾಟಿ ಹೋದವರು. ಹೈದರಾಬಾದಿನ ಹಳೆಯ ಕನ್ನಡ ಮನೆಗಳ ಕತೆಯೇ ಬೇರೆ. ನನ್ನ ತಂದೆ ಸೇಡಂನಲ್ಲಿ ರೈಲು ಹತ್ತಿ ತಾಂಡೂರು, ವಿಕಾರಾಬಾದಿನ ಮೇಲೆ ಈ ಊರಿಗೆ ಬಂದಾಗ ಯಾವ ಗಡಿಯನ್ನೂ ದಾಟಲಿಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಆ ಹಳಿಯ ಉದ್ದಕ್ಕೂ ಒಂದೇ ಸಂಸ್ಥಾನವಿತ್ತು. ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ, ಹೈಕೋರ್ಟು, ಕಾಲೇಜು, ದವಾಖಾನೆ. 1956ರ ನವೆಂಬರ್ 1ರಂದು ಗಡಿ ಬಂದು ಸೇಡಂಗೂ ತಾಂಡೂರಿಗೂ ನಡುವೆ ನಿಂತಿತು. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್, ರಾಯಚೂರಿನ ಗದ್ವಾಲ, ಆಲಂಪುರ, ಬೀದರಿನ ನಾರಾಯಣಖೇಡ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಜನ ತಮ್ಮ ಮನೆಯಲ್ಲೇ ಇದ್ದರು, ನಾಡು ಬದಲಾಯಿತು. ತಾಂಡೂರಿನ ನೆಲಕ್ಕೂ ಶಹಾಬಾದಿನ ನೆಲಕ್ಕೂ ಹಾಸುವ ಫರ್ಸಿಕಲ್ಲು ಒಂದೇ ಭೀಮಾ ಕೊಳ್ಳದ ಬಂಡೆಯದು. ಎರಡೂ ಕಡೆ ಬೆಳೆಯುವುದು ತೊಗರಿಯೇ. ಈಗ ಕಲಬುರಗಿ ತೊಗರಿಗೆ 2019ರಲ್ಲಿ ಒಂದು ಭೌಗೋಳಿಕ ಮಾನ್ಯತೆ, ತಾಂಡೂರು ತೊಗರಿಗೆ 2022ರಲ್ಲಿ ಇನ್ನೊಂದು.

ಇನ್ನೂ ಹಿಂದಕ್ಕೆ ಹೋದರೆ ಸಂಕೋಚ ಪಡಬೇಕಾದ್ದು ನಾವಲ್ಲ ಎಂಬುದು ತಿಳಿಯುತ್ತದೆ. ಆದಿಕವಿ ಪಂಪ ವಿಕ್ರಮಾರ್ಜುನ ವಿಜಯ ಬರೆದದ್ದು ಅರಿಕೇಸರಿಯ ಆಶ್ರಯದಲ್ಲಿ. ಆ ಅರಿಕೇಸರಿಯ ವೇಮುಲವಾಡ ಇವತ್ತಿನ ತೆಲಂಗಾಣದಲ್ಲಿದೆ. ಅಲ್ಲಿಂದ ದೂರವಲ್ಲದ ಕುರ್ಕ್ಯಾಲದ ಬೊಮ್ಮಲಗುಟ್ಟದ ಮೇಲೆ ಪಂಪನ ತಮ್ಮ ಜಿನವಲ್ಲಭ ಬಂಡೆಯಲ್ಲಿ ಕೊರೆಸಿದ ಶಾಸನ ಈಗಲೂ ಇದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ಪಂಪನ ಮನೆತನದ ವಿವರಕ್ಕೆ ಕನ್ನಡದವರು ಆ ಬಂಡೆಯ ಬಳಿ ಹೋಗಬೇಕು, ತಮ್ಮ ಹಳೆಯ ಕಂದಪದ್ಯಗಳಿಗೆ ತೆಲುಗಿನವರೂ ಅದೇ ಬಂಡೆಯ ಬಳಿ ಹೋಗಬೇಕು. ನಮ್ಮ ಸಂಘಗಳು ಪ್ರತಿ ವರ್ಷ ಮೈಸೂರು, ಹಂಪಿಗೆ ಪ್ರವಾಸದ ಬಸ್ಸು ಹೊರಡಿಸುತ್ತವೆ. ನಾಲ್ಕು ಗಂಟೆಯ ದಾರಿಯ ಕುರ್ಕ್ಯಾಲಕ್ಕೆ ಒಮ್ಮೆಯಾದರೂ ಹೊರಡಿಸಬೇಕೆಂದು ಹಲವು ಸಭೆಗಳಲ್ಲಿ ಕೇಳಿದ್ದೇನೆ, ಇಲ್ಲೂ ಕೇಳುತ್ತಿದ್ದೇನೆ.

ಸಂಘ ಕಟ್ಟಿದವರ ಕಾಲ ಸುಲಭದ್ದಾಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಸಾರ್ವಜನಿಕ ಸಭೆ ಸೇರಲು 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯ ಪ್ರಕಾರ ಮೊದಲೇ ಅನುಮತಿ ಬೇಕಿತ್ತು. ರಾಜಕೀಯ ಮಾತಾಡಲಾಗದವರು ಗ್ರಂಥಾಲಯ ತೆರೆದರು, ನಾಡಹಬ್ಬ ಮಾಡಿದರು, ನಾಟಕವಾಡಿದರು. ತೆಲುಗರಿಗೆ 1901ರಿಂದ ಸುಲ್ತಾನ್ ಬಜಾರಿನ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯಂ ಹೇಗೋ, ಕನ್ನಡಿಗರಿಗೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಹಾಗೆ ನೆಲೆಯಾಯಿತು. (ತೆಲುಗರು ಮೊದಲು ಕಟ್ಟಿದ ಗ್ರಂಥಾಲಯಕ್ಕೆ ಕೃಷ್ಣದೇವರಾಯನ ಹೆಸರಿಟ್ಟರೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.) ಕಾಚಿಗುಡದಲ್ಲೇ ಕನ್ನಡಿಗರು ಕಟ್ಟಿದ ಶಾಲೆಗೆ ನೃಪತುಂಗನ ಹೆಸರು ಬಂತು. ಆ ಹೆಸರನ್ನು ಯೋಚಿಸಿಯೇ ಆರಿಸಿದ್ದಾರೆ. ನೃಪತುಂಗನ ಮಾನ್ಯಖೇಟ, ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ, ಆಗ ನಿಜಾಮರ ಸೀಮೆಯಲ್ಲೇ ಇತ್ತು. ಕನ್ನಡನಾಡು ಗೋದಾವರಿಯ ತನಕ ಹಬ್ಬಿದೆ ಎಂದು ಹೇಳಿದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಉರ್ದು ಮಾಧ್ಯಮದ ಊರಿನಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಹೊರಟವರಿಗೆ ಅದಕ್ಕಿಂತ ಗಟ್ಟಿಯಾದ ಹೆಸರು ಬೇರೆ ಸಿಗುತ್ತಿರಲಿಲ್ಲ.

ಈ ಊರಿಗೂ ಕನ್ನಡಕ್ಕೂ ಕೊಡುಕೊಳೆ ನಡೆದೇ ಇತ್ತು. ಡಿ.ಕೆ. ಭೀಮಸೇನರಾಯರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು. ಕೊಪ್ಪಳ ಸೀಮೆಯ ದ್ಯಾಂಪುರದಿಂದ ಓದಲು ಬಂದ ಸಿದ್ಧಯ್ಯ ಪುರಾಣಿಕರು ಇಲ್ಲಿಯೇ ಕಾನೂನು ಓದಿ, ಸರ್ಕಾರಿ ನೌಕರಿ ಹಿಡಿದು, ಕವಿ ಕಾವ್ಯಾನಂದರಾಗಿ 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಏರಿದರು. ಮುಂದೆ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರೂ ಉಸ್ಮಾನಿಯಾದಲ್ಲಿ ಓದಿದವರು. ಸಂಸ್ಥಾನದ ವಿಮೋಚನಾ ಹೋರಾಟವನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ವಿಜಯಪುರದ ಸಿಂದಗಿಯಲ್ಲಿ. ಕೊಪ್ಪಳದ ಕನ್ನಡ ಶಾಸನಗಳು 1935ರಲ್ಲಿ, ಪಿ.ಬಿ. ದೇಸಾಯಿಯವರ ಕನ್ನಡ ಜಿಲ್ಲೆಗಳ ಶಾಸನ ಸಂಪುಟ 1958ರಲ್ಲಿ ಬೆಳಕು ಕಂಡದ್ದು ಹೈದರಾಬಾದ್ ಪುರಾತತ್ವ ಗ್ರಂಥಮಾಲೆಯಲ್ಲಿ. ಎರಡನೆಯದು ಹೊರಬರುವ ಹೊತ್ತಿಗೆ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು.

ಆ ಹೋಗುವಿಕೆ ಇಲ್ಲಿನ ಸಂಘಗಳನ್ನು ಒಂದೇ ಏಟಿಗೆ ಬರಿದು ಮಾಡಿತು. ಕನ್ನಡ ಜಿಲ್ಲೆಗಳ ಅಧಿಕಾರಿಗಳು, ಗುಮಾಸ್ತರು, ಮೇಷ್ಟ್ರುಗಳು ಹೊಸ ರಾಜ್ಯಕ್ಕೆ ಹಂಚಿಕೆಯಾಗಿ ಬೆಂಗಳೂರಿನ ದಾರಿ ಹಿಡಿದರು. ಏಕೀಕರಣಕ್ಕಾಗಿ ದುಡಿದವರೇ ಏಕೀಕರಣದ ಮರುದಿನ ಖಾಲಿ ಕುರ್ಚಿಗಳನ್ನು ನೋಡಬೇಕಾಯಿತು. ಉಳಿದವರು ವ್ಯಾಪಾರದವರು, ವಕೀಲರು, ಹೋಟೆಲಿನವರು, ಬರ್ಕತ್‌ಪುರದ ರಾಯರ ಮಠದ ಸುತ್ತಲಿನ ಮನೆಗಳವರು. ಅವರು ಬಾಗಿಲು ಹಾಕಲಿಲ್ಲ. ನನಗೆ ಅವರ ಸಾಧನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ಯಾವ ವಾರ್ಷಿಕ ವರದಿಯಲ್ಲೂ ಬರದ ಇನ್ನೊಂದು ಕೆಲಸವಿದೆ. ಬೀದರ್, ಕಲಬುರಗಿಯ ರೋಗಿಗಳಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, "ಸರ, ಡಾಕ್ಟರ್ ಏನ್ ಹೇಳ್ತಾರೋ ತಿಳಿವಲ್ದು" ಎಂದು. ಯಾರೋ ಒಬ್ಬರು ಸ್ಕೂಟರ್ ತೆಗೆದು ಹೋಗಿ, ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಹೇಳಿ, ಬೆಳಿಗ್ಗೆ ಡಬ್ಬಿಯಲ್ಲಿ ಊಟ ಕೊಟ್ಟು ಬರುತ್ತಾರೆ. ಇವರಿಗೆ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ.

ಶಾಲಿನ ಮಾತು ಬಂದದ್ದರಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ಸಂಘಗಳಿಗೆ ಕಾರ್ಯಕ್ರಮ ಮಾಡುವುದು ಚೆನ್ನಾಗಿ ಬರುತ್ತದೆ. ವೇದಿಕೆ, ಮೈಸೂರು ಪೇಟ, ಬೆಂಗಳೂರಿನ ಅತಿಥಿ, ಸುಗಮ ಸಂಗೀತ, ಊಟ ಎಲ್ಲವೂ ಅಚ್ಚುಕಟ್ಟು. ಸಭಾಂಗಣ ತುಂಬುತ್ತದೆ. ಮಾರನೆಯ ದಿನ ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ಸಹಿ ಒಂದೋ ಎರಡೋ. ಖರ್ಚಿನ ಹತ್ತರಲ್ಲೊಂದು ಪಾಲು ಓದುವ ಮಕ್ಕಳ ಕಡೆ ತಿರುಗಿದ್ದರೆ ನಲ್ಲಕುಂಟದ ಆ ಹುಡುಗ ಅರ್ಧ ದಾರಿಯಲ್ಲಿ ನಿಲ್ಲುತ್ತಿರಲಿಲ್ಲ. ಈ ಮಾತು ನಮ್ಮ ಪತ್ರಿಕೆಗೂ ಸೇರಿದ್ದು. ಅಭಿನಂದನೆಯ ಫೋಟೋಗಳಿಗೆ ನಾವು ಕೊಟ್ಟ ಪುಟಗಳನ್ನು ಎಣಿಸಿದ್ದೇನೆ. ಮಕ್ಕಳಿಗೆ ಕೊಟ್ಟದ್ದು ಅದರ ಕಾಲು ಭಾಗವೂ ಇಲ್ಲ.

ಊರೂ ಎರಡಾಗಿದೆ. 1998ರಲ್ಲಿ ಹೈಟೆಕ್ ಸಿಟಿ ಶುರುವಾದ ಮೇಲೆ ಮಾದಾಪುರ, ಗಚ್ಚಿಬೌಲಿಯ ಕಡೆ ಬೆಂಗಳೂರು, ಮೈಸೂರು, ಉಡುಪಿಯಿಂದ ಸಾವಿರಾರು ಮಂದಿ ಬಂದು ನೆಲೆಸಿದರು. ಅವರಿಗೆ ಕಾಚಿಗುಡ ಎಂದರೆ ವಂದೇ ಭಾರತ್ ಹತ್ತುವ ಸ್ಟೇಷನ್ನು. ನಮ್ಮ ಹಳಬರು ಅವರ ಕನ್ನಡವನ್ನು 'ಬೆಂಗಳೂರು ಮಾತು' ಎಂದು ಸ್ವಲ್ಪ ದೂರವೇ ಇಟ್ಟರು, ಅವರು ನಮ್ಮ "ಜಲ್ದಿ ಬರ್ರಿ"ಯನ್ನು ಕೇಳಿ ಇದು ಕನ್ನಡವೇ ಎಂದು ಅನುಮಾನಪಟ್ಟರು. ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆಯ ಹಾದಿ ಈ ಎರಡು ಕನ್ನಡಗಳ ನಡುವೆ ಬಿದ್ದಿದೆ. ಅವರನ್ನು ಇಲ್ಲಿಗೆ ಕರೆಯುವುದನ್ನು ಬಿಟ್ಟು ನಾವೇ ಅಲ್ಲಿಗೆ ಹೋಗೋಣವೆಂದು ಕೆಲವರು ಸೇರಿ ಕೊಂಡಾಪುರದ ಅಪಾರ್ಟ್‌ಮೆಂಟ್ ಒಂದರ ಸಭಾಂಗಣದಲ್ಲಿ ಭಾನುವಾರದ ಕನ್ನಡ ತರಗತಿ ಆರಂಭಿಸಿದೆವು. ಈಗ ಹದಿನಾಲ್ಕು ಮಕ್ಕಳಿದ್ದಾರೆ.

ಮೊನ್ನೆ ಅಲ್ಲಿ ಒಂಬತ್ತು ವರ್ಷದ ಹುಡುಗಿ 'ಕನ್ನಡ' ಎಂದು ಬರೆದು ತೋರಿಸಿದಳು. ಮೂರು ಅಕ್ಷರಗಳ ನೆತ್ತಿಯ ಮೇಲೂ ತೆಲುಗಿನ ತಲಕಟ್ಟು, ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗೆ. 2018ರ ಕಾಯ್ದೆಯಂತೆ ತೆಲಂಗಾಣದ ಶಾಲೆಗಳಲ್ಲಿ ಹತ್ತನೆಯ ತರಗತಿಯ ತನಕ ತೆಲುಗು ಕಡ್ಡಾಯವಾಗಿದೆ. ಹಾಗಾಗಿ ಎಲ್ಲ ಮಕ್ಕಳಿಗೂ ಆ ಲಿಪಿ ಚೆನ್ನಾಗಿ ಗೊತ್ತು. "ಮರಿ ಇದು ತಪ್ಪಾ ಸರ್?" ಎಂದು ರಬ್ಬರ್ ಕೈಗೆತ್ತಿಕೊಂಡಳು. ತಪ್ಪಲ್ಲ ಮಗಳೇ, ಪಂಪನ ಕಾಲದಲ್ಲಿ ಎರಡಕ್ಕೂ ಒಂದೇ ಲಿಪಿ ಇತ್ತು, ಆ ರೆಕ್ಕೆಯನ್ನು ಸ್ವಲ್ಪ ಬಗ್ಗಿಸಿ ಮಲಗಿಸು ಎಂದೆ. ಅವಳು ಅಳಿಸಲಿಲ್ಲ, ಅದರ ಮೇಲೆಯೇ ತಿದ್ದಿದಳು. ತೆಲುಗು ಕಡ್ಡಾಯವಾದದ್ದರಿಂದ ಕನ್ನಡ ಕೆಟ್ಟಿತೆಂದು ಸಭೆಗಳಲ್ಲಿ ಕೇಳುತ್ತೇನೆ. ನನ್ನ ಅನುಭವ ಬೇರೆ. ತೆಲುಗು ಬಲ್ಲ ಮಗು ಎರಡು ಮೂರು ತಿಂಗಳಲ್ಲಿ ಕನ್ನಡ ಓದುತ್ತದೆ. ಏಣಿ ಮನೆಯಲ್ಲೇ ಇದೆ, ಹಿಡಿದುಕೊಳ್ಳುವವರು ಬೇಕು.

ಕರ್ನಾಟಕದಿಂದ ನಮಗೆ ಏನು ಬೇಕೆಂದು ಪ್ರತಿ ಅತಿಥಿಯೂ ಕೇಳುತ್ತಾರೆ, ಪ್ರತಿ ಸಲವೂ ನಾವು ಭವನ ಕೇಳುತ್ತೇವೆ. ಇನ್ನು ಮೇಲೆ ಬೇರೆ ಕೇಳೋಣ. ಮಕ್ಕಳ ಪುಸ್ತಕ ಕೇಳೋಣ, ವರ್ಷಕ್ಕೆ ಇಬ್ಬರು ತರಬೇತಾದ ಶಿಕ್ಷಕರನ್ನು ಕೇಳೋಣ. ನಮಗಿಂತ ಮೊದಲು ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಹಳ್ಳಿಗಳಿಗಾಗಿ ಕೇಳೋಣ. ಅಲ್ಲಿ ಇವತ್ತಿಗೂ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಹೊಳೆ ದಾಟಿದರೆ ರಾಯಚೂರು. ಆದರೆ ವೃತ್ತಿಶಿಕ್ಷಣ ಪ್ರವೇಶದ ಮಾಹಿತಿ ಪುಸ್ತಕಗಳಲ್ಲಿ ಗಡಿನಾಡ ಕನ್ನಡಿಗರ ಪಟ್ಟಿಯೆಂದು ನಾನು ಓದಿರುವುದು ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜಗಳ ಹೆಸರು. ಕೃಷ್ಣೆಯ ಈ ದಡದ ಹೆಸರು ಅಲ್ಲಿ ಕಾಣಲಿಲ್ಲ. ಬೆಂಗಳೂರಿಗೆ ಹೋಗುವ ನಮ್ಮ ಪದಾಧಿಕಾರಿಗಳ ಮನವಿಯ ಮೊದಲ ಸಾಲು ಇದಾಗಲಿ.

2019ರ ಸೆಪ್ಟೆಂಬರ್ 17ರಂದು 'ಹೈದರಾಬಾದ್ ಕರ್ನಾಟಕ' ಹೋಗಿ 'ಕಲ್ಯಾಣ ಕರ್ನಾಟಕ' ಬಂತು. ರಜಾಕಾರರ ಕಾಲದ ಗಾಯ ಹೊತ್ತ ಮನೆಗಳಿಗೆ ಆ ಹೆಸರು ಬೇಡವಾದದ್ದು ನ್ಯಾಯವೇ, ಬಸವಣ್ಣನ ಕಲ್ಯಾಣಕ್ಕಿಂತ ಒಳ್ಳೆಯ ಹೆಸರೂ ಇಲ್ಲ. ಆದರೂ ಅಂದು ಇಲ್ಲಿನ ಹಿರಿಯರೊಬ್ಬರು, "ನಮ್ಮ ಊರಿನ ಹೆಸರು ಕರ್ನಾಟಕದ ಬಾಯಿಂದ ಹೋತು" ಎಂದರು. ಅವರ ದನಿ ನನ್ನ ಕಿವಿಯಲ್ಲಿದೆ.

ಕವಿರಾಜಮಾರ್ಗದ ಅಂಚಿನ ಬರಹಕ್ಕೆ ಹಳೇ ನಗರದ ನಿವೃತ್ತ ಉರ್ದು ಮೇಷ್ಟ್ರೊಬ್ಬರು ಸಿಕ್ಕಿದ್ದಾರೆ. ಗುರುವಾರ ಮಧ್ಯಾಹ್ನ ನಮ್ಮ ಕಚೇರಿಗೆ ಬಂದು, ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ಗೆರೆಗಳನ್ನು ಬೆಳಕಿಗೆ ಹಿಡಿದು ಓದುತ್ತಾರೆ. ಬಹುಪಾಲು ಶಬ್ದಾರ್ಥಗಳು. ಒಂದು ಕಡೆ ತಡೆದು, ಎರಡು ಸಲ ಓದಿ, ಕನ್ನಡ ಬಾರದ ಆ ಮೇಷ್ಟ್ರು ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಈ ಶಬ್ದವನ್ನು ನಮ್ಮ ಅವ್ವ ಇನ್ನೂ ಆಡುತ್ತಾಳೆ ಎಂದು ಬರೆದಿದ್ದಾರೆ. ಎದುರಿನ ಸಾಲಿನಲ್ಲಿ ಯಾವ ಶಬ್ದಕ್ಕೆ ಅಡಿಗೆರೆ ಇತ್ತೋ ತಿಳಿಯುವಂತಿರಲಿಲ್ಲ, ಗೆರೆ ಅಳಿಸಿಹೋಗಿತ್ತು. ಮರುದಿನ ಪುಸ್ತಕ ಹಿಡಿದು ನಲ್ಲಕುಂಟಕ್ಕೆ ಹೋಗಿ, ಆ ಸಾಲನ್ನು ಅಜ್ಜಿಗೆ ಮೂರು ಸಲ ಓದಿದೆ. ಮೊಮ್ಮಗ ಪಕ್ಕದಲ್ಲಿ ಕೂತು ಅಕ್ಷರ ಹಿಂಬಾಲಿಸುತ್ತಿದ್ದ. ಮೂರನೆಯ ಸಲಕ್ಕೆ ಅಜ್ಜಿ, "ಇನ್ನೊಮ್ಮೆ ಓದು ತಮ್ಮಾ, ನಮ್ಮತ್ತಿ ಅಂತಿದ್ಲು ಅದನ್ನ" ಎಂದರು.

ಇನ್ನೂ ನೂರಕ್ಕೂ ಹೆಚ್ಚು ಪುಟಗಳಿವೆ. ಮೇಷ್ಟ್ರು ಓದುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳಲು ಕನ್ನಡ ಬಲ್ಲ ಒಬ್ಬರು ಬೇಕು. ಗುರುವಾರ ಮೂರು ಗಂಟೆಗೆ ಬಂದರೆ ಸಾಕು.